ಹೆಂಡತಿ ಮಲಗಿದ್ದಾಳೆ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಆಕಳಿಕೆ.

ಬಾಯಿಗೆ ಅಂಗೈ ಅಡ್ಡ ಹಿಡಿದು ಮುಗಿಸಿಬಿಡುವ ಮರ್ಯಾದಸ್ತರ ಆಕಳಿಕೆಯಲ್ಲ ಅದು. ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಚೆಲ್ಲಿ, ಕಿರುನಾಲಿಗೆಯವರೆಗೂ ದರ್ಶನ ಕೊಡುವಂಥದ್ದು. ಅದರ ಭರದಲ್ಲಿ ಹೆಂಡತಿ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. ಅಂದರೆ, ಮೇಜು ಇದೆಯೆಂದು ತಾನು ತಿಳಿದ ಜಾಗದಲ್ಲಿ ಇಟ್ಟಳು. ಮೇಜು ಅಲ್ಲಿಂದ ಒಂದು ಗೇಣು ಆಚೆಗಿತ್ತು. ಲೋಟ ನೆಲಕ್ಕೆ ಬಿತ್ತು, ಕಾಫಿ ಗಂಡನ ಪಾದದ ಮೇಲೆ ಬಿತ್ತು, ಗಂಡ ಒಂಟಿ ಕಾಲಲ್ಲಿ ಅಡುಗೆಮನೆಯ ತುಂಬ ಕುಣಿದ.

ಕುಣಿದವನು ಯಾರೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನು ಅದೇ ಬೀದಿಯ ಕೊನೆಯಲ್ಲಿರುವ ಲೈಬ್ರರಿಯ ಮೇಲ್ವಿಚಾರಕ. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು ಇವೆಲ್ಲ ಅವನಿಗೆ ಬಿಡುವಿನ ಕೆಲಸ, ನಿಜವಾದ ಕಸುಬು "ಶ್!" ಅನ್ನುವುದು. ಯಾರಾದರೂ ಕೆಮ್ಮಿದರೆ ಶ್, ಕುರ್ಚಿ ಎಳೆದರೆ ಶ್, ಪೇಪರಿನ ಹಾಳೆ ತಿರುವಿದರೆ ಶ್. ಆ ಶ್ ಮುಂದೆ ಕುಕ್ಕರಿನ ಸೀಟಿ ಕೂಡ ಸಪ್ಪೆ. ಓದಲು ಬರುವವರೆಲ್ಲ ಸೇರಿ ಅವನಿಗೆ ಶ್ಶಪ್ಪ ಎಂದು ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಳ್ಳುವುದಿರಲಿ, ಒಳಗೊಳಗೇ ಹಿಗ್ಗಿದ್ದ.

ಅವನ ಹೆಂಡತಿ ಬಸ್ ಡ್ರೈವರು. ಹೆರಿಗೆ ರಜೆ ಅಂದಿಗೆ ಮುಗಿದು, ಮರುದಿನ ಬೆಳಗಿನ ಬಸ್ಸಿಗೆ ಅವಳು ಹಾಜರಾಗಬೇಕಿತ್ತು. ಆದರೆ ಅವರ ಪಾಪುವಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬ ವಿಷಯದಲ್ಲಿ ತನ್ನದೇ ಆದ ಅಭಿಪ್ರಾಯವಿತ್ತು. ರಾತ್ರಿಯಿಡೀ ಕೈಕಾಲು ಬಡಿದು ಆಡುವುದು, ಆಡಿಸುವವರು ಕಣ್ಣು ಮುಚ್ಚಿದರೆ ಕಿರುಚುವುದು. ವಾರಗಟ್ಟಲೆ ಹೀಗೇ ನಡೆದು ತಾಯಿಯ ಕಣ್ಣು ಕೆಂಡದ ಉಂಡೆಗಳಾಗಿದ್ದವು.

"ನೋಡಿದ್ರಾ?" ಎಂದಳು ಅವಳು, ನೆಲ ಒರೆಸುವ ಬಟ್ಟೆ ಎಂದುಕೊಂಡು ಅವನ ಅಂಗಿಯನ್ನು ಕೈಗೆತ್ತಿಕೊಳ್ಳುತ್ತ. "ಮನೇಲಿರೋ ಮೇಜೇ ಕಾಣ್ತಿಲ್ಲ ನಂಗೆ. ನಾಳೆ ಅಷ್ಟು ಜನಾನ ಕೂರಿಸ್ಕೊಂಡು ಬಸ್ ಹೇಗ್ರೀ ಓಡಿಸ್ಲಿ? ಯಾರ ಮನೆ ಗೋಡೆಗೆ ಹೋಗಿ ಗುದ್ಲಿ?"

"ಬಿಡ್ತು ಅನ್ನು. ಹಾಗೆಲ್ಲ ಮಾತಾಡ್ಬೇಡ."

"ಮಾತಾಡೋದೇನು ಬಂತು, ಗುದ್ದೇ ಗುದ್ತೀನಿ. ಅದಕ್ಕೇ ಅಕ್ಕನ್ನ ಕರೆಸ್ಕೊಳ್ಳೋಣ ಅಂತಿದ್ದೀನಿ. ಒಂದಷ್ಟು ತಿಂಗಳು ಇಲ್ಲೇ ಇರ್ತಾಳೆ."

ಶ್ಶಪ್ಪನಿಗೆ ಪಾದದ ಉರಿ ಮರೆತೇಹೋಯಿತು. ಅಕ್ಕ ಎಂದರೆ ಹೆಂಡತಿಯ ಒಡಹುಟ್ಟಿದ ಅಕ್ಕ, ಒಂದು ದೊಡ್ಡ ಹಾಸ್ಟೆಲಿನ ವಾರ್ಡನ್. ಹೋದ ಸಲ ಬಂದಿದ್ದಾಗ ಬೆಳಕು ಹರಿಯುವ ಮೊದಲೇ ಹೊದಿಕೆ ಕಿತ್ತು ಇವನನ್ನು ಎಬ್ಬಿಸಿ ಬಸ್ಕಿ ಹೊಡೆಸಿದ್ದರು. ತಟ್ಟೆಯಲ್ಲಿ ಬಿಟ್ಟ ತರಕಾರಿಯನ್ನು ಪಕ್ಕದಲ್ಲೇ ನಿಂತು ತಿನ್ನಿಸಿದ್ದರು. ಸ್ನಾನ ಮುಗಿಸಿ ಬಂದವನ ಕಿವಿಯ ಹಿಂದೆ ಬೆರಳಾಡಿಸಿ ನೋಡಿ, ಮತ್ತೆ ಬಚ್ಚಲಿಗೆ ಅಟ್ಟಿದ್ದರು. ಲೈಬ್ರರಿಯಲ್ಲಿ ಹುಲಿಯಂತಿದ್ದವನು ಆ ದಿನಗಳಲ್ಲಿ ಮನೆಗೆ ಬರಲು ಹೆದರಿ, ಬಾಗಿಲು ಹಾಕಿದ ಮೇಲೂ ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ.

"ಅತ್ತಿಗೆ ಯಾಕೆ? ಸುಮ್ನೆ ಅವರಿಗ್ಯಾಕೆ ತೊಂದರೆ?" ಎಂದ, ದನಿಯನ್ನು ಆದಷ್ಟು ಸಹಜವಾಗಿ ಇಟ್ಟುಕೊಂಡು. "ಇವತ್ತು ನಾನು ರಜೆ ಹಾಕ್ತೀನಿ. ಪಾಪು ನನ್ನ ಜವಾಬ್ದಾರಿ. ನೀನು ಹೋಗಿ ಮಲಗು. ಸಂಜೆ ನಾಲ್ಕರ ತನಕ ಈ ಮನೇಲಿ ಒಂದು ಸೊಳ್ಳೆ ಗುಂಯ್ ಅಂದ್ರೆ ನನ್ನನ್ನ ಕೇಳು."

"ನಿಮ್ಮ ಕೈಲಾಗುತ್ತಾ?"

"ಯಾರನ್ನ ಕೇಳ್ತಿದ್ದೀಯ ಗೊತ್ತಾ? ಊರಿಗೆ ಊರೇ ಬಂದು ಕೂರೋ ಜಾಗದಲ್ಲಿ ಒಬ್ಬರೂ ಉಸಿರೆತ್ತದ ಹಾಗೆ ಇಟ್ಟಿರೋನು ನಾನು! ಒಂದು ಪುಟ್ಟ ಮನೇನ ಸುಮ್ಮನಿರಿಸೋಕೆ ಆಗಲ್ವಾ?"

ಅವಳು ಇನ್ನೊಂದು ಆಕಳಿಕೆ ಮುಗಿಸಿ ಹೇಳಿದಳು: "ಸರಿ. ಸಂಜೆ ತನಕ ನಂಗೆ ನಿದ್ದೆ ಆದ್ರೆ, ನಾವಿಬ್ರೇ ಈ ಸಂಸಾರ ತೂಗಿಸ್ತೀವಿ ಅಂತ ಒಪ್ಕೋತೀನಿ. ಆಗ್ಲಿಲ್ಲ ಅಂದ್ರೆ ಅಕ್ಕ ಬರ್ತಾಳೆ. ಆಮೇಲೆ ಗೊಣಗೋ ಹಾಗಿಲ್ಲ."

"ಗೊಣಗಲ್ಲ," ಎಂದು ಶ್ಶಪ್ಪ ಪಾಪುವನ್ನು ಹೆಗಲಿಗೇರಿಸಿಕೊಂಡ. ರಾತ್ರಿಯೆಲ್ಲ ದುಡಿದು ದಣಿದಿದ್ದ ಪಾಪು ಅಪ್ಪನ ಹೆಗಲಿಗೆ ಕೆನ್ನೆ ಒತ್ತಿ ಆ ಕ್ಷಣವೇ ನಿದ್ದೆಹೋಯಿತು. ಹೆಂಡತಿ ಮಲಗುವ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಏನೇ ಆಗಲಿ, ಇವಳು ಇವತ್ತು ನಿದ್ದೆ ಮಾಡಲೇಬೇಕು ಎಂದು ಶ್ಶಪ್ಪ ಹಲ್ಲು ಕಚ್ಚಿ ನಿರ್ಧಾರ ಮಾಡಿದ.

ಮೊದಲು ಅವನ ಕಣ್ಣಿಗೆ ಬಿದ್ದದ್ದು ಗೋಡೆ ಗಡಿಯಾರ. ಇಷ್ಟು ದಿನ ಸಾಧುವಿನಂತಿದ್ದ ಅದು ಇಂದು ಸುತ್ತಿಗೆ ಹೊಡೆದಂತೆ ಟಿಕ್ ಟಿಕ್ ಅನ್ನುತ್ತಿತ್ತು. ಅದನ್ನು ಇಳಿಸಿ, ಟವೆಲಿನಲ್ಲಿ ಸುತ್ತಿ, ಬಟ್ಟೆಗಳ ಅಡಿಗೆ ಹೂತಿಟ್ಟ. ಕರೆಗಂಟೆಯ ವೈರು ಕಿತ್ತ. ಆಮೇಲೆ, ತೊಳೆದಿಟ್ಟ ಪಾತ್ರೆಗಳನ್ನು ಸದ್ದಿಲ್ಲದೆ ಜೋಡಿಸಿಬಿಡೋಣ ಎಂಬ ದುರ್ಬುದ್ಧಿ ಹುಟ್ಟಿತು. ಬುಟ್ಟಿ ತುಂಬ ಸ್ಟೀಲ್ ಪಾತ್ರೆ. ಹೆಗಲ ಮೇಲೆ ಮಗು. ಕೆಲಸಕ್ಕೆ ಸಿಕ್ಕಿದ್ದು ಒಂದೇ ಕೈ.

ಒಂದು ತಟ್ಟೆ ಜಾರಿತು. ಅದನ್ನು ಹಿಡಿಯಲು ಹೋದ ಮೊಣಕೈ ಇನ್ನೊಂದಕ್ಕೆ ತಗುಲಿತು. ಅಲ್ಲಿಂದಾಚೆ ಪಾತ್ರೆಗಳು ಯಾರ ಮಾತನ್ನೂ ಕೇಳಲಿಲ್ಲ. ಎಲ್ಲ ಬಿದ್ದು ಮುಗಿದ ಮೇಲೂ ಒಂದು ಮುಚ್ಚಳ ಮಾತ್ರ ನೆಲದ ಮೇಲೆ ಗಿರಗಿರ ಸುತ್ತುತ್ತಲೇ ಇತ್ತು. ಶ್ಶಪ್ಪ ಅದರತ್ತ ಬಗ್ಗಿ, ಕಣ್ಣು ಕೆಕ್ಕರಿಸಿ, "ಶ್!" ಎಂದ.

"ರೀ, ಯಾರ್ರೀ ಅದು ಸೀಟಿ ಹೊಡೆದಿದ್ದು?" ಎಂದು ಒಳಗಿನಿಂದ ದನಿ ಬಂತು.

"ಯಾರೂ ಇಲ್ಲ, ನೀನು ಮಲಗು!" ಎಂದು ಶ್ಶಪ್ಪ ಕೂಗಿ ಹೇಳಿದ.

ಬಿದ್ದ ಪಾತ್ರೆಗಳನ್ನು ಅಲ್ಲೇ ಬಿಟ್ಟು ಕುರ್ಚಿಯ ಮೇಲೆ ಕೂತ. ಆದರೆ ಒಳಗೆ ಏನಾಗುತ್ತಿದೆ ಎಂದು ತಿಳಿಯದೆ ಜೀವಕ್ಕೆ ಸಮಾಧಾನವಿಲ್ಲ. ಬೆರಳ ತುದಿಯಲ್ಲಿ ನಡೆದು ಹೋಗಿ ಬಾಗಿಲು ತೆರೆದು ಕೇಳಿದ: "ನಿದ್ದೆ ಬಂತಾ?"

"ಬರ್ತಾ ಇತ್ತು."

ಮತ್ತಷ್ಟು ಹೊತ್ತು ಬಿಟ್ಟು ಮತ್ತೆ ಹೋದ. "ಈಗ ಬಂತಾ?"

"ಇಲ್ಲೇ ಎಲ್ಲೋ ಬಂದಿತ್ತು ಕಣ್ರೀ. ನಿಮ್ಮನ್ನ ನೋಡಿ ಓಡಿಹೋಯ್ತು."

ಮೂರನೆಯ ಸಲ ಕೇಳಿದಾಗ ಉತ್ತರ ಬರಲಿಲ್ಲ, ಒಂದು ನೀಳ ನಿಟ್ಟುಸಿರು ಮಾತ್ರ ಬಂತು. ಅದನ್ನು ನಿದ್ದೆಯ ಉಸಿರೆಂದೇ ತಿಳಿದು ಶ್ಶಪ್ಪ ಹಿಗ್ಗಿಹೋದ. ಆ ಖುಷಿಯಲ್ಲಿ ಪಾಪುವಿನ ಒದ್ದೆ ಬಟ್ಟೆಗಳ ಬಕೆಟ್ ಎತ್ತಿಕೊಂಡು ತಾರಸಿಗೆ ಹೋದ. ಒಂದೊಂದನ್ನೂ ಸಾವಕಾಶವಾಗಿ ಕೊಡವಿ ಒಣಗಲು ಹಾಕಿ ಕೆಳಗಿಳಿದು ಬಂದು, ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿದ. ಮಂಚದ ಮೇಲೆ ತಲೆಯಿಂದ ಕಾಲಿನವರೆಗೂ ರಗ್ಗು ಹೊದ್ದ ಆಕಾರ. ಕದಲಿಕೆ ಇಲ್ಲ, ಮಿಸುಕಾಟ ಇಲ್ಲ.

"ಗೆದ್ದೆ!" ಎಂದುಕೊಂಡ. ಮಗುವನ್ನು ಹೊತ್ತುಕೊಂಡೇ ಸದ್ದಿಲ್ಲದೆ ಎರಡು ಹೆಜ್ಜೆ ಕುಣಿದ.

ಆಗಲೇ ಕೆಳಗಿನ ಮನೆಯಿಂದ ಶುರುವಾಯಿತು, ಟರ್ರ್ರ್ ಎಂದು.

ಕೆಳಗಿನ ಮನೆಯಲ್ಲಿದ್ದವರು ಟೈಲರಮ್ಮ. ದಿನವಿಡೀ ಮಷಿನ್ ಮುಂದೆಯೇ ಕೂತಿರುವವರು. ದಿನವೂ ಕೇಳುವ ಸದ್ದೇ ಅದು, ಆದರೆ ಇಂದು ಅದು ನೇರ ಹೆಂಡತಿಯ ಕಿವಿಯೊಳಗೇ ಹೊಲಿಗೆ ಹಾಕುತ್ತಿದೆ ಎನ್ನಿಸಿತು ಶ್ಶಪ್ಪನಿಗೆ. ಎರಡೆರಡು ಮೆಟ್ಟಿಲು ಹಾರಿ ಇಳಿದ. ಟೈಲರಮ್ಮ ಅವನನ್ನು ನೋಡಿದ್ದೇ ಗಾಬರಿಬಿದ್ದು, ಕಾಲಡಿಯ ಪೆಡಲನ್ನು ಬಿಡದೆ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಸಾರ್, ಮೆಲ್ಲಗೆ."

ಶ್ಶಪ್ಪನಿಗೆ ಮೈಯೆಲ್ಲ ಉರಿಯಿತು. "ನಾನು ಹೇಳ್ಬೇಕಾದ ಮಾತನ್ನ ನೀವು ಹೇಳ್ತಿದ್ದೀರಾ? ಮೊದಲು ಆ ಮಷಿನ್ ನಿಲ್ಸಿ! ನನ್ನ ಹೆಂಡ್ತಿ ಮಲಗಿದ್ದಾಳೆ!"

"ಅಯ್ಯೋ, ಈಗ ನಿಲ್ಲಿಸೋ ಹಾಗಿಲ್ಲ ಸಾರ್. ಸಂಜೆ ತನಕ ಓಡಿಸ್ತಾನೇ ಇರ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ."

"ಯಾವ ಮಹಾರಾಣಿಗೆ ಬೇಕಾದ್ರೂ ಮಾತು ಕೊಟ್ಟಿರಿ! ಅವರ ಬ್ಲೌಸು ನಾಳೆ ಆದ್ರೆ ಆಕಾಶ ಕಳಚಿ ಬೀಳಲ್ಲ. ನಮ್ಮನೆ ಪರಿಸ್ಥಿತಿ ಏನು ಗೊತ್ತಾ ನಿಮಗೆ?"

"ಗೊತ್ತು ಸಾರ್, ಚೆನ್ನಾಗಿ ಗೊತ್ತು. ಆದ್ರೆ ದಯವಿಟ್ಟು ಕೂಗ್ಬೇಡಿ."

"ಕೂಗ್ತಿರೋದು ಯಾರು? ನಾನಾ?" ಎಂದು ಶ್ಶಪ್ಪ ಕೂಗಿದ. "ಜೀವಮಾನದಲ್ಲಿ ಒಂದು ದಿನಾನೂ ಕೂಗಿದೋನಲ್ಲ ನಾನು!" ಎಂದವನೇ ಗೋಡೆಯ ಬಳಿಗೆ ನಡೆದು ಮಷಿನ್ನಿನ ಪ್ಲಗ್ ಎಳೆದುಬಿಟ್ಟ. ಸದ್ದು ನಿಂತಿತು. ಟೈಲರಮ್ಮ ಒಳಕೋಣೆಯ ಪರದೆಯತ್ತ ಒಮ್ಮೆ ನೋಡಿ, ಇವನತ್ತ ಒಮ್ಮೆ ನೋಡಿ, ಹಣೆಯ ಮೇಲೆ ಕೈಯಿಟ್ಟುಕೊಂಡರು.

"ಆಯ್ತಾ ಸಾರ್? ಈಗ ನಿಮಗೆ ಸಮಾಧಾನ ಆಯ್ತಾ?"

"ಆಯ್ತು," ಎಂದು ಶ್ಶಪ್ಪ ಎದೆ ಮುಂದಕ್ಕೆ ಮಾಡಿ ಮೆಟ್ಟಿಲು ಹತ್ತಿದ. ಇಷ್ಟೆಲ್ಲ ಗಲಾಟೆ ಕಿವಿಯ ಪಕ್ಕದಲ್ಲೇ ನಡೆದರೂ ಪಾಪು ಮಾತ್ರ ಒಂದು ಸಲ ತುಟಿ ಚಪ್ಪರಿಸಿ ಮತ್ತೆ ನಿದ್ದೆ ಮುಂದುವರಿಸಿತ್ತು.

ಮನೆಗೆ ಬಂದು ಬಾಗಿಲ ಸಂದಿಯಲ್ಲಿ ನೋಡಿದ. ರಗ್ಗಿನ ಆಕಾರ ಇದ್ದ ಹಾಗೇ ಇತ್ತು. ಪುಣ್ಯಾತ್ಗಿತ್ತಿ ಮಗ್ಗುಲು ಕೂಡ ಬದಲಾಯಿಸಿಲ್ಲ! ಅವಳ ಮೇಲೆ ಅವನಿಗೆ ಅಪಾರ ಮಮತೆ ಉಕ್ಕಿತು. ಎಷ್ಟು ದಣಿದಿದ್ದಳೋ ಏನೋ, ಪಾಪ. ಅಡುಗೆಮನೆಗೆ ಹೋಗಿ ಮಗುವಿಗೆ ಹಾಲು ಬಿಸಿ ಮಾಡಿದ. ಪಾಪು ಕಣ್ಣು ತೆರೆಯದೆಯೇ ಬಾಟಲಿ ಖಾಲಿ ಮಾಡಿ, ಒಂದು ತೇಗು ತೇಗಿ, ಹೆಗಲಿಗೆ ಮರಳಿತು.

ಹಾಲಿನ ಪಾತ್ರೆ ಇನ್ನೂ ತಣ್ಣಗಾಗಿರಲಿಲ್ಲ, ಈಗ ಮೇಲಿನ ಮನೆಯಿಂದ ಕೊರ್ರ್ರ್ ಎಂದು ಹೊರಟಿತು. ಮೇಲಿದ್ದವನು ಬಡಗಿ. ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಮುಂದಿನ ಕೋಣೆಯೇ ಅವನ ಕಾರ್ಖಾನೆ. ಹಲಗೆ ಉಜ್ಜುವ ಮಷಿನ್ನು ಅಲ್ಲಿ ಕಿರುಚುತ್ತಿತ್ತು. ಇದೇನು, ಒಂದು ಬಾಯಿ ಮುಚ್ಚಿಸಿದರೆ ಇನ್ನೊಂದು ತೆರೆದುಕೊಳ್ಳುತ್ತದಲ್ಲ ಎಂದು ಶ್ಶಪ್ಪ ಮೇಲಕ್ಕೆ ಓಡಿದ.

ಬಡಗಿ ಎಂದರೆ ದೊಡ್ಡ ಮೀಸೆ, ಅದಕ್ಕೆ ತಕ್ಕ ಗಂಟಲು. ಕೆಳಗಿನ ಬೀದಿಯಲ್ಲಿ ಹೋಗುವವರನ್ನು ಮೇಲಿನಿಂದಲೇ ಮಾತಾಡಿಸುವ ಆಸಾಮಿ. ಅಂಥವನು ಇಂದು ಬಾಗಿಲನ್ನು ಅರ್ಧ ಮಾತ್ರ ತೆರೆದು, ಆ ಅರ್ಧಕ್ಕೂ ತನ್ನ ಮೈಯನ್ನು ಅಡ್ಡ ನಿಲ್ಲಿಸಿ, ಪಿಸುಗುಟ್ಟಿದ: "ಏನಿದ್ರೂ ಸಂಜೆ ಮಾತಾಡೋಣ ಸಾರ್."

"ಸಂಜೆ ಯಾಕೆ? ಈಗಲೇ ಮಾತಾಡೋಣ!"

"ಮೆತ್ತಗೆ ಸಾರ್... ನಿಮ್ಮ ದಮ್ಮಯ್ಯ."

ಶ್ಶಪ್ಪನಿಗೆ ಈಗ ಎಲ್ಲವೂ ಅರ್ಥವಾದಂತಾಯಿತು. ಕೆಳಗೆ ಟೈಲರಮ್ಮ ಬೆರಳು ತೋರಿಸುವುದು, ಮೇಲೆ ಈ ಮೀಸೆಯವನು ಪಿಸುಗುಟ್ಟುವುದು. ಎಲ್ಲ ಸೇರಿ ತನ್ನ ಕಸುಬನ್ನು ಆಡಿಕೊಳ್ಳುತ್ತಿದ್ದಾರೆ!

"ಅಣಕಿಸ್ತೀರಾ ನನ್ನ? ಪಿಸುಪಿಸು ಅಂದು ಅಣಕಿಸ್ತೀರಾ?" ಎಂದು ಬಾಗಿಲನ್ನು ನೂಕಿದ. ಆ ಕಡೆಯಿಂದ ಬಡಗಿಯೂ ನೂಕಿದ. ದಿನವಿಡೀ ಮರ ಹೊರುವವನ ಮುಂದೆ ಪುಸ್ತಕ ಹೊರುವವನ ಆಟ ನಡೆಯುತ್ತದೆಯೇ? ಶ್ಶಪ್ಪ ನೂಕುವುದನ್ನು ಬಿಟ್ಟು ಹೊಸ್ತಿಲ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ.

"ಆ ಮಷಿನ್ ನಿಲ್ಲೋ ತನಕ ನಾನು ಇಲ್ಲಿಂದ ಏಳಲ್ಲ. ಏನ್ಮಾಡ್ಕೋತೀರೋ ಮಾಡ್ಕೊಳ್ಳಿ!" ಎಂದು ಘೋಷಿಸಿ, ಶಾಂತಿಯಿಂದ ಮನುಷ್ಯನಿಗೆ ಆಗುವ ಲಾಭಗಳ ಕುರಿತು ಭಾಷಣ ಶುರುಮಾಡಿದ. ಮಷಿನ್ನಿನ ಸದ್ದಿಗೆ ತನ್ನ ಮಾತು ಕೇಳಿಸಲಿಕ್ಕಿಲ್ಲವೆಂದು ಗಂಟಲು ಹರಿಯುವಂತೆ ಕಿರುಚಿದ. ನಿದ್ದೆ ಇಲ್ಲದಿದ್ದರೆ ಪಿತ್ತ ಏರುತ್ತದೆ, ಕಣ್ಣು ಮಂಜಾಗುತ್ತದೆ, ಬಸ್ಸುಗಳು ಗೋಡೆಗೆ ಗುದ್ದುತ್ತವೆ ಎಂದು ವಿವರಿಸುತ್ತಿದ್ದಾಗ ಬಡಗಿಯ ಹೆಂಡತಿ ಒಳಗಿನಿಂದ ಬಂದು ಗಂಡನ ಕಿವಿಯಲ್ಲಿ ಏನೋ ಹೇಳಿದಳು.

ಬಡಗಿ ಸೋತವನಂತೆ ಸ್ವಿಚ್ ಆರಿಸಿದ. "ಎದ್ದೇಳಿ ಸಾರ್. ಇನ್ನು ಇದನ್ನ ಓಡಿಸಿಯೂ ಪ್ರಯೋಜನ ಇಲ್ಲ."

"ದಾರಿಗೆ ಬಂದ್ರಲ್ಲ," ಎಂದು ಶ್ಶಪ್ಪ ಪ್ಯಾಂಟಿಗೆ ಹತ್ತಿದ ಮರದ ಪುಡಿ ಕೊಡವಿಕೊಂಡು ಎದ್ದ.

ಕೆಳಗಿಳಿದು ಬಂದು ಸಂದಿಯಲ್ಲಿ ನೋಡಿದ. ರಗ್ಗು ಇದ್ದ ಹಾಗೇ ಇತ್ತು. ಎರಡು ಯುದ್ಧ ಗೆದ್ದ ಹುರುಪಿನಲ್ಲಿ ಬಚ್ಚಲಿಗೆ ಹೋಗಿ ಕೈಕಾಲು ಮುಖ ತೊಳೆದುಕೊಂಡ. ಮುಖ ಒರೆಸುತ್ತಿರುವಾಗ ಎದುರುಮನೆಯ ಟೀವಿ ಸಿಡಿಯಿತು. ಧಾರಾವಾಹಿಯೊಂದರಲ್ಲಿ ಅತ್ತೆಯೋ ಸೊಸೆಯೋ ಯಾರೋ ಒಬ್ಬರು ಗೋಳೋ ಎಂದು ಅಳುತ್ತಿದ್ದರು.

ಎದುರುಮನೆಯ ಅಜ್ಜಿಗೆ ಕಿವಿ ದೂರ. ಟೀವಿಯ ಸದ್ದನ್ನು ಪೂರ್ತಿ ಏರಿಸಿಟ್ಟರೂ ಅವರಿಗೆ ತುಟಿಯ ಅಲುಗಾಟ ನೋಡಿಯೇ ಕತೆ ತಿಳಿಯಬೇಕು. ಶ್ಶಪ್ಪ ಹೋದಾಗ ಬಾಗಿಲು ತೆರೆದೇ ಇತ್ತು. ಅಜ್ಜಿ ಕುರ್ಚಿಯಿಂದ ಎದ್ದು ಬಂದು ಎರಡೂ ಕೈಯನ್ನು ಅವನ ಮುಂದೆ ಅಲ್ಲಾಡಿಸಿದರು.

"ಬೇಡಪ್ಪಾ, ಹೋಗಪ್ಪಾ, ಆಮೇಲೆ ಬಾರಪ್ಪಾ."

"ಅಜ್ಜೀ, ಟೀವಿ ಸಣ್ಣಗೆ ಮಾಡಿ!"

"ಆಂ?"

"ಟೀವಿ! ಸಣ್ಣಗೆ!"

"ಸಣ್ಣಗಾಗಿದ್ದೀನಾ? ಏನು ಮಾಡೋದಪ್ಪ, ವಯಸ್ಸಾಯ್ತಲ್ಲ."

ಶ್ಶಪ್ಪ ಅವರ ಕಿವಿಯ ಹತ್ತಿರ ಬಾಯಿಟ್ಟು, ಇಡೀ ಹೊಟ್ಟೆಯ ಗಾಳಿಯನ್ನು ಗಂಟಲಿಗೆ ತಂದುಕೊಂಡು ಅರಚಿದ: "ನನ್ನ ಹೆಂಡ್ತೀ! ಮಲಗಿದ್ದಾಳೇ!"

ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ಅಜ್ಜಿಗೆ ಈ ಸಲ ಪೂರ್ತಿ ಕೇಳಿಸಿತು. ಅವರು ಒಳಗಿನ ಕೋಣೆಯತ್ತ ಕತ್ತು ತಿರುಗಿಸಿ ನೋಡಿ, ಬಹಳ ಮರುಕದಿಂದ ಅವನ ಬೆನ್ನು ಸವರಿದರು.

"ಮಲಗಿದ್ದಳಪ್ಪ," ಎಂದರು. "ಹೋಗು ಮಗಾ, ಒಂದು ಲೋಟ ನೀರು ಕುಡಿ."

ಟೀವಿಯನ್ನು ಅವನೇ ಆರಿಸಿ ಬಂದ. ಇನ್ನು ಯಾವ ಅಪಾಯಕ್ಕೂ ಎಡೆ ಕೊಡಬಾರದೆಂದು ಅಡುಗೆಮನೆಯ ಅಟ್ಟದೊಳಗೆ ತಲೆ ತೂರಿಸಿ ಹಳೆಯ ರಟ್ಟುಗಳನ್ನು ಹುಡುಕಿ ತೆಗೆದ. ಲೈಬ್ರರಿಯ ಬೋರ್ಡುಗಳನ್ನು ಬರೆದು ಪಳಗಿದ ಕೈ. "ನಿಶ್ಶಬ್ದವಾಗಿರಿ" ಎಂದು ಒಂದು, "ಮೆಟ್ಟಿಲ ಮೇಲೆ ಮಾತು ಬೇಡ" ಎಂದು ಒಂದು, "ಕೆಮ್ಮುವವರು ಬೀದಿಗೆ ಹೋಗಿ ಕೆಮ್ಮಿ ಬರುವುದು" ಎಂದು ಇನ್ನೊಂದು. ಎಲ್ಲವನ್ನೂ ಮೆಟ್ಟಿಲುದ್ದಕ್ಕೂ ಅಂಟಿಸಿದ. ಕೆಳಗೆ ಟೈಲರಮ್ಮ, ಮೇಲೆ ಬಡಗಿ, ಎದುರಿಗೆ ಅಜ್ಜಿ, ಯಾರ ಮನೆಯಿಂದಲೂ ಪಿಟ್ಟೆಂಬ ಸದ್ದಿಲ್ಲ. ಒಂದು ಸಲವಂತೂ ನಲ್ಲಿಯಿಂದ ಹನಿ ಬೀಳುವುದು ಕೂಡ ಕೇಳಿಸಿತು. ಶ್ಶಪ್ಪ ಹೋಗಿ ಅದಕ್ಕೂ ಬಟ್ಟೆ ಕಟ್ಟಿದ.

ಮಧ್ಯಾಹ್ನ ಕಳೆದು ಹೊತ್ತು ಇಳಿಯುತ್ತಿತ್ತು. ಹೆಗಲ ಮೇಲೆ ಮಗು ಗೊರಕೆ ಹೊಡೆಯುತ್ತಿತ್ತು. ಇಂಥ ಗೆಲುವನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಎನ್ನಿಸಿ, ಬಾಲ್ಕನಿಗೆ ಹೋಗಿ ಲೈಬ್ರರಿಗೆ ಫೋನ್ ಮಾಡಿದ. ಅಲ್ಲಿನ ಫೋನು ಹಳೇ ಕಾಲದ್ದು, ಟ್ರಿಣ್ ಟ್ರಿಣ್ ಎಂದು ಬೀದಿಗೆಲ್ಲ ಕೇಳುವಂಥದ್ದು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಅಟೆಂಡರ್ ಎತ್ತಿದ.

"ಸಾರ್," ಎಂದ ಅವನು ಉಸಿರಲ್ಲೇ. "ಆಮೇಲೆ ಮಾಡಿ ಸಾರ್."

"ಭೇಷ್! ನಾನಿಲ್ಲದಿದ್ರೂ ಶಿಸ್ತು ಬಿಟ್ಟಿಲ್ಲ ನೀನು. ಕೇ‌ಳಿಲ್ಲಿ, ನಮ್ಮ ಬಿಲ್ಡಿಂಗನ್ನೇ ಲೈಬ್ರರಿ ಮಾಡಿಬಿಟ್ಟಿದ್ದೀನಿ ಇವತ್ತು!"

"ಹೂಂ ಸಾರ್... ಇಡ್ಲಾ ಸಾರ್?"

"ಏನಂದೆ? ಕೇಳ್ಸಲ್ಲ. ಜೋರಾಗಿ ಮಾತಾಡು!"

"ಇಲ್ಲಿ ಒಬ್ಬರು..."

"ಜೋರಾಗಿ ಅಂದ್ನಲ್ಲ! ಗಂಟಲಿಗೆ ಏನಾಗಿದೆ ನಿಂಗೆ?"

"ಇಡ್ತೀನಿ ಸಾರ್!" ಎಂದು ಅಟೆಂಡರ್ ಕೊನೆಗೂ ಲೈಬ್ರರಿಯೇ ಅದುರುವಂತೆ ಕೂಗಿ ಫೋನ್ ಇಟ್ಟ. ತಾನಿಲ್ಲದಾಗ ಹೀಗೆ ಕೂಗುತ್ತಾನೆಯೇ ಎಂದು ಶ್ಶಪ್ಪನಿಗೆ ಸಿಟ್ಟು ಬಂತು. ನಾಳೆ ವಿಚಾರಿಸಿಕೊಳ್ಳೋಣ ಎಂದು ಸುಮ್ಮನಾದ.

ನಾಲ್ಕು ಗಂಟೆಯಾಯಿತು. ಶ್ಶಪ್ಪ ಒಳ್ಳೆಯ ಕಾಫಿ ಬೆರೆಸಿದ, ನೊರೆ ಬರುವಂತೆ. ಒಂದು ಕೈಯಲ್ಲಿ ಲೋಟ, ಹೆಗಲಲ್ಲಿ ಮಗು, ಮುಖದಲ್ಲಿ ಗೆದ್ದವನ ನಗು. ಕಾಲಿನಿಂದ ಬಾಗಿಲು ತಳ್ಳಿ ಒಳಗೆ ಹೋಗಿ, "ಏಳಮ್ಮಾ ಡ್ರೈವರಮ್ಮ, ಬಸ್ ಹೊರಡೋ ಹೊತ್ತಾಯ್ತು," ಎಂದು ರಗ್ಗನ್ನು ಸರಿಸಿದ.

ರಗ್ಗಿನಡಿಯಲ್ಲಿ ದಿಂಬುಗಳಿದ್ದವು. ಒಂದರ ಹಿಂದೆ ಒಂದು, ಅಚ್ಚುಕಟ್ಟಾಗಿ, ತಲೆ ಇರುವಲ್ಲಿ ದುಂಡಗಿನದು, ಕಾಲಿರುವಲ್ಲಿ ಉದ್ದನೆಯದು.

ಈ ಸಲ ಕಾಫಿ ಅವನ ಎರಡೂ ಪಾದಗಳ ಮೇಲೆ ಬಿತ್ತು. ಆದರೆ ಅವನು ಕುಣಿಯಲಿಲ್ಲ. ಮಂಚದಡಿ ನೋಡಿದ, ಬೀರುವಿನೊಳಗೆ ನೋಡಿದ, ಬುದ್ಧಿ ಕೆಟ್ಟು ದಿಂಬಿನ ಚೀಲದೊಳಗೂ ಕೈಹಾಕಿ ನೋಡಿದ. ಹೆಂಡತಿ ತನ್ನನ್ನು ಬಿಟ್ಟುಹೋದಳು! ತಾನು ಹಗಲೆಲ್ಲ ಕಾವಲು ಕಾದದ್ದು ದಿಂಬುಗಳಿಗೆ! ಮೆಟ್ಟಿಲ ಬಳಿಗೆ ಓಡಿ, ತಾನೇ ಅಂಟಿಸಿದ "ನಿಶ್ಶಬ್ದವಾಗಿರಿ" ಬೋರ್ಡಿನ ಪಕ್ಕದಲ್ಲಿ ನಿಂತು ಬೊಬ್ಬೆ ಹಾಕಿದ: "ನನ್ನ ಹೆಂಡ್ತಿ ಕಾಣಿಸ್ತಿಲ್ಲಾ! ಯಾರಾದ್ರೂ ಬನ್ರಪ್ಪಾ!"

ಮೇಲಿನಿಂದ ಬಡಗಿ ಇಳಿದ, ಕೆಳಗಿನಿಂದ ಟೈಲರಮ್ಮ ಹತ್ತಿದರು, ಎದುರಿನಿಂದ ಅಜ್ಜಿ ಬಂದರು. ಬಂದವರು ಯಾರೂ ಗಾಬರಿಯಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೀನು ಹೇಳು, ನೀನು ಹೇಳು ಎಂದು ಕಣ್ಣಲ್ಲೇ ತಳ್ಳಾಡುತ್ತ ನಿಂತರು.

ಅಷ್ಟರಲ್ಲಿ ಹೆಂಡತಿ ಬೀದಿಯ ಕಡೆಯಿಂದ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು. ಕಣ್ಣು ಬೆಳಗಿಗಿಂತ ಕೆಂಪಗಿತ್ತು. ಬಲಗೆನ್ನೆಯ ಮೇಲೆ ಅಂದಿನ ಪೇಪರಿನ ದಪ್ಪ ಅಕ್ಷರಗಳು ಉಲ್ಟಾ ಆಗಿ ಅಚ್ಚೊತ್ತಿದ್ದವು.

"ಎಲ್ಲಿಗೆ ಹೋಗಿದ್ದೆ?" ಎಂದ ಶ್ಶಪ್ಪ, ಅರ್ಧ ಸಿಟ್ಟು, ಅರ್ಧ ಅಳು.

"ನಿದ್ದೆ ಮಾಡೋಕೆ."

"ಮನೇಲಿ ಜಾಗ ಇರ್ಲಿಲ್ವಾ?"

"ಜಾಗ ಇತ್ತು ಕಣ್ರೀ, ನೀವೂ ಇದ್ರಲ್ಲ," ಎಂದು ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ನಂಗೆ ಸದ್ದಿಂದ ಏನೂ ಆಗಲ್ಲ. ಡಿಪೋದಲ್ಲಿ ಹೊರಗೆ ಬಸ್ಸುಗಳು ಗುರ್ ಅಂತಿರೋವಾಗ ಒಳಗೆ ಮಲಗಿ ಅಭ್ಯಾಸ ಆಗಿರೋಳು ನಾನು. ಏನಾದ್ರೂ ಒಂದೇ ಸಮ ಗುಂಯ್‌ಗುಡ್ತಿದ್ರೆ ಜೋಗುಳದ ಹಾಗಿರುತ್ತೆ. ಆದ್ರೆ ಆ ನಿಮ್ಮ ಶ್ ಇದೆಯಲ್ಲ, ಅದನ್ನ ಕೇಳಿ ಸತ್ತೋರೂ ಎದ್ದು ಕೂರ್ತಾರೆ. ನೀವು ತಾರಸಿಗೆ ಹೋದಾಗ ಟೈಲರಮ್ಮನ ಮನೆಗೆ ಹೋಗಿ ಮಲಗಿದೆ. ಮಷಿನ್ ನಿಲ್ಲಿಸ್ಬೇಡಿ ಅಂತ ಮಾತು ತಗೊಂಡು ಕಣ್ಣು ಮುಚ್ಚಿದ್ದೆ. ನೀವು ಬಂದು ಪ್ಲಗ್ ಕಿತ್ರಿ."

ಟೈಲರಮ್ಮ ಹೌದೆಂದು ತಲೆಯಾಡಿಸಿದರು.

"ನೀವು ಹಾಲು ಬಿಸಿ ಮಾಡ್ತಿದ್ದಾಗ ಮೇಲಕ್ಕೆ ಹೋದೆ. ಇವರ ಮನೆಯವರು ಒಳಗೆ ಹಾಸಿಗೆ ಹಾಸಿಕೊಟ್ರು. ಹಾಯಾಗಿ ನಿದ್ದೆ ಹತ್ತಿತ್ತು. ನೀವು ಹೊಸ್ತಿಲ ಮೇಲೆ ಕೂತು ನಿದ್ದೆಯ ಲಾಭ ವಿವರಿಸಿದ್ರಿ."

"ಎಷ್ಟು ತಡೆದ್ರೂ ಕೇಳ್ಲಿಲ್ಲ ನೀವು," ಎಂದ ಬಡಗಿ, ಈಗ ತನ್ನ ನಿಜವಾದ ಗಂಟಲಲ್ಲಿ.

"ಅಜ್ಜಿ ಮನೇಲಿ ಏನಾಯ್ತು ಅಂತ ನಾನು ಹೇಳ್ಬೇಕಾಗಿಲ್ಲ. ಕೊನೆಗೆ ನೀವು ಅಟ್ಟದಲ್ಲಿ ತಲೆ ತೂರಿಸಿದ್ದಾಗ ನಿಮ್ಮ ಲೈಬ್ರರಿಗೇ ಹೋದೆ. ಬಾಗಿಲಲ್ಲೇ ಮಾತು, ಕೆಮ್ಮು, ನಗು, ಸಂತೆಯ ಹಾಗಿತ್ತು. ಎಷ್ಟು ಹಿತವಾಗಿತ್ತು ಗೊತ್ತಾ? ಪೇಪರ್ ಮೇಲೆ ತಲೆಯಿಟ್ಟವಳಿಗೆ ಜಗತ್ತೇ ಮರೆತುಹೋಯ್ತು. ಪಾಪ, ನಾನು ಮಲಗಿದ್ದು ನೋಡಿ ಅಟೆಂಡರ್ ಎಲ್ಲರನ್ನೂ ಸುಮ್ಮನಿರಿಸೋಕೆ ನೋಡ್ತಿದ್ನಂತೆ. ಅಷ್ಟರಲ್ಲಿ ಫೋನ್ ಬಂತು."

ಶ್ಶಪ್ಪನಿಗೆ ನಿಂತ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು. ಊರೆಲ್ಲ ಅವಳ ನಿದ್ದೆ ಕಾಯುತ್ತಿತ್ತು. ಬೆಳಗಿನಿಂದ ಅವಳನ್ನು ಮನೆಯಿಂದ ಮನೆಗೆ ಅಟ್ಟಾಡಿಸಿದವನು ತಾನೊಬ್ಬನೇ. ಅವಳ ಕೆಂಪು ಕಣ್ಣು ನೋಡಿ ಅವನಿಗೆ ನಿಜವಾಗಿ ದುಃಖವಾಯಿತು.

"ಮೊದಲೇ ಹೇಳಬಾರದಾಗಿತ್ತಾ?" ಎಂದ ಸಣ್ಣ ದನಿಯಲ್ಲಿ.

"ಹೇಗೆ ಹೇಳ್ಲಿ? ಅಷ್ಟು ಹಟ ಹಿಡಿದು, ಮಗೂನ ಹೊತ್ಕೊಂಡು ಒದ್ದಾಡ್ತಿದ್ರಿ. ನೊಂದ್ಕೋತೀರಿ ಅನ್ನಿಸ್ತು. ಅದಕ್ಕೇ ದಿಂಬು ಮಲಗಿಸಿ ಬಂದೆ. ಯಾರೂ ಹೇಳ್ಬೇಡಿ ಅಂತ ಇವರ ಹತ್ರಾನೂ ಬೇಡ್ಕೊಂಡೆ." ಅವಳು ಅವನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಹೋಗ್ಲಿ ಬಿಡಿ. ಡಿಪೋಗೆ ಫೋನ್ ಮಾಡಿ ಇನ್ನೂ ಒಂದು ವಾರ ರಜೆ ಕೇಳ್ಕೊಂಡಿದ್ದೀನಿ. ಇವತ್ತು ರಾತ್ರಿ ಮಲಗಿದ್ರಾಯ್ತು. ಪಾಪು ಏನ್ಮಾಡ್ತಿತ್ತು?"

"ಪಾಪು ವಿಷಯದಲ್ಲಿ ಮಾತ್ರ ನೀನು ಒಂದು ಮಾತೂ ಆಡೋ ಹಾಗಿಲ್ಲ!" ಶ್ಶಪ್ಪನ ಎದೆ ಮತ್ತೆ ಉಬ್ಬಿತು. "ಒಂದು ಸಲಾನೂ ಅಳಲಿಲ್ಲ. ಬೆಳಿಗ್ಗೆಯಿಂದ ಇಲ್ಲಿಯವರೆಗೂ ಒಂದೇ ನಿದ್ದೆ!"

ಅವಳ ಮುಖ ಬಿಳಿಚಿಕೊಂಡಿತು. "ಬೆಳಿಗ್ಗೆಯಿಂದ ಇಲ್ಲಿಯವರೆಗೂ?"

ತನ್ನ ಹೆಸರು ಕೇಳಿಸಿತೋ ಎಂಬಂತೆ ಪಾಪು ಆಗ ಕಣ್ಣು ತೆರೆಯಿತು. ತೊಳೆದ ಗಾಜಿನಂಥ ಹೊಳೆಯುವ ಕಣ್ಣು. ಮೈಮುರಿದು, ಅಪ್ಪನ ಮೂಗು ಹಿಡಿದೆಳೆದು, ಇನ್ನು ಬೆಳಗಾಗುವವರೆಗೆ ಆಟವೇ ಆಟ ಎನ್ನುವ ಹುಮ್ಮಸ್ಸಿನಲ್ಲಿ ಕೇಕೆ ಹಾಕಿತು.

ಹೆಂಡತಿ ಫೋನ್ ತೆಗೆದಳು.

"ಅಕ್ಕಾ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟುಬಿಡು. ಹೂಂ, ಬಟ್ಟೆಬರೆ ಎಲ್ಲ ತಗೊಂಡು ಬಾ."

"ಇದು ಅನ್ಯಾಯ!" ಎಂದು ಶ್ಶಪ್ಪ ಎದ್ದು ನಿಂತ. "ನಿದ್ದೆ ವಿಷಯದಲ್ಲಿ ತಪ್ಪಾಯ್ತು, ಒಪ್ಕೋತೀನಿ. ಆದ್ರೆ ಮಗೂನ ನಾನೊಬ್ಬನೇ ಹಗಲೆಲ್ಲ ನೋಡ್ಕೊಂಡೆನೋ ಇಲ್ವೋ? ಇವರನ್ನೇ ಕೇಳು!"

ಮೂವರೂ ಒಟ್ಟಿಗೆ ಹೌದೆಂದು ತಲೆಯಾಡಿಸಿದರು. ಹೆಂಡತಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಬಹಳ ಪ್ರೀತಿಯಿಂದ ಅವನತ್ತ ನೋಡಿದಳು.

"ಯಾರು ಇಲ್ಲ ಅಂದ್ರು? ಮಗೂನ ನೋಡ್ಕೊಳ್ಳೋಕೆ ನೀವೊಬ್ಬರೇ ಸಾಕು," ಎಂದಳು. "ಅಕ್ಕ ಬರ್ತಿರೋದು ನಿಮ್ಮನ್ನ ನೋಡ್ಕೊಳ್ಳೋಕೆ."